ಬಂದೂಕಿನ ಸಾವುಗಳೂ ವಿಜ್ಞಾನದ ಕರ್ತವ್ಯವೂ

೧೯೯೬ನೆಯ ಇಸವಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಶಾಸನಸಭೆಯು ತನ್ನ ಆಯವ್ಯಯದ ಮಸೂದೆಗೆ ಒಂದೇ ಒಂದು ವಾಕ್ಯವನ್ನು ಸೇರಿಸಿತು. ಆ ದೇಶದ ರೋಗನಿಯಂತ್ರಣ ಮತ್ತು ನಿವಾರಣಾ ಕೇಂದ್ರಕ್ಕೆ ಗಾಯಗಳ ತಡೆಗಾಗಿ ಕೊಡುವ ಹಣದಲ್ಲಿ ಒಂದು ಕಾಸನ್ನೂ ಬಂದೂಕು ನಿಯಂತ್ರಣದ ಪರವಾದ ಪ್ರಚಾರಕ್ಕೆ ಬಳಸಕೂಡದು ಎಂಬುದು ಅದರ ತಾತ್ಪರ್ಯ. ಮೇಲುನೋಟಕ್ಕೆ ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಪ್ರಜೆಗಳು ತೆತ್ತ ತೆರಿಗೆಯಿಂದ ಯಾವುದೇ ಪಕ್ಷದ ಪ್ರಚಾರ ನಡೆಯಬಾರದೆಂಬುದು ನ್ಯಾಯವೇ ಸರಿ. ಆದರೆ ಅದೇ ಸಂದರ್ಭದಲ್ಲಿ ಆ ಕೇಂದ್ರದ ಅನುದಾನದಿಂದ ೨೬ ಲಕ್ಷ ಡಾಲರುಗಳನ್ನು ತೆಗೆದು ಬೇರೊಂದು ಕೆಲಸಕ್ಕೆ ಗೊತ್ತುಮಾಡಲಾಯಿತು. ಬಂದೂಕಿನ ಗಾಯಗಳ ಸಂಶೋಧನೆಗೆಂದು ಹಿಂದಿನ ವರ್ಷ ಆ ಕೇಂದ್ರ ಖರ್ಚು ಮಾಡಿದ್ದ ಮೊತ್ತವೂ ಅಷ್ಟೇ ಆಗಿತ್ತು. ವಾಕ್ಯವು ಪ್ರಚಾರ ಬೇಡವೆಂದಿತು. ಹಣದ ಕಡಿತವು ಸಂಶೋಧನೆಯೇ ಬೇಡವೆಂದಿತು. ಅಧಿಕಾರಿಗಳು ಈ ಎರಡನೆಯ ಮಾತನ್ನೇ ಮನಸ್ಸಿಗೆ ತಂದುಕೊಂಡರು. ಆಗಿನಿಂದ ಎರಡು ದಶಕಗಳಿಗೂ ಹೆಚ್ಚು ಕಾಲ, ಸಂಪನ್ನವಾದ ಆ ವಿಜ್ಞಾನ ಸಂಸ್ಥೆಯು ತನ್ನ ನಾಡಿನ ಒಂದು ದೊಡ್ಡ ಮರಣಕಾರಣದ ಕಡೆಗೆ ಬೆನ್ನು ಮಾಡಿ ಕುಳಿತಿತು.

ಬಂದೂಕಿಗೂ ವಿಜ್ಞಾನ ಪತ್ರಿಕೆಗೂ ಏನು ಸಂಬಂಧವೆಂದು ನಮ್ಮ ವಾಚಕರು ಕೇಳಬಹುದು. ಬಂದೂಕಿನ ಒಳಗೆ ಗುಂಡು ಹೇಗೆ ವೇಗ ಪಡೆಯುತ್ತದೆಂಬುದು ಭೌತಶಾಸ್ತ್ರದ ವಿಷಯ. ಅದರಿಂದ ಯಾರು ಯಾರನ್ನು ಕೊಂದರೆಂಬುದು ಪೊಲೀಸರಿಗೂ ನ್ಯಾಯಾಲಯಕ್ಕೂ ಸೇರಿದ್ದಲ್ಲವೆ, ಎಂದು. ಒಂದು ಕೊಲೆಯನ್ನು ಕುರಿತು ಹೇಳುವುದಾದರೆ ಈ ಮಾತು ಸರಿ. ಆದರೆ ಒಂದೇ ಬಗೆಯ ಸಾವು ಒಂದು ದೇಶದಲ್ಲಿ ವರ್ಷ ವರ್ಷವೂ ಸಾವಿರಗಟ್ಟಲೆ ನಡೆಯುತ್ತಿದ್ದರೆ, ಒಂದು ಊರಿನಲ್ಲಿ ಹೆಚ್ಚಾಗಿಯೂ ಮತ್ತೊಂದರಲ್ಲಿ ಕಡಮೆಯಾಗಿಯೂ ಇದ್ದರೆ, ಒಂದು ವಯಸ್ಸಿನವರನ್ನು ಹಿಡಿದು ಇನ್ನೊಂದು ವಯಸ್ಸಿನವರನ್ನು ಬಿಟ್ಟರೆ, ಅಲ್ಲಿ ಏನೋ ಒಂದು ಕ್ರಮವಿದೆಯೆಂದು ಊಹಿಸಬೇಕಾಗುತ್ತದೆ. ಕ್ರಮವಿರುವ ಕಡೆ ಕಾರಣವನ್ನು ಹುಡುಕುವುದು ವಿಜ್ಞಾನದ ಕೆಲಸ. ಕಾಲರಾ, ಮಲೇರಿಯಾ, ಸಿಡುಬುಗಳ ಇತಿಹಾಸವನ್ನು ಓದಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊದಲು ಸಾವುಗಳ ಪರಿಮಾಣವನ್ನು ನೋಡೋಣ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೨೦೨೧ರಲ್ಲಿ ಬಂದೂಕಿನಿಂದ ಸತ್ತವರು ೪೮,೮೩೦ ಮಂದಿ. ಅನಂತರ ಸಂಖ್ಯೆ ಸ್ವಲ್ಪ ಇಳಿದು ೨೦೨೩ರಲ್ಲಿ ೪೬,೭೨೮ ಆಯಿತು. ದಿನವೊಂದಕ್ಕೆ ಹೆಚ್ಚುಕಡಮೆ ೧೨೮ ಮಂದಿಯಂತಾಯಿತು. ೨೦೨೦ರಿಂದ ಈಚೆಗೆ ಅಲ್ಲಿ ಒಂದರಿಂದ ಹತ್ತೊಂಬತ್ತು ವರ್ಷದೊಳಗಿನವರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಂದೂಕೇ ಆಯಿತು. ಅಲ್ಲಿಯ ತನಕ ಆ ಸ್ಥಾನ ಮೋಟಾರು ಅಪಘಾತಗಳದಾಗಿತ್ತು.

ಈ ಅಂಕಿಗಳನ್ನು ಬಿಡಿಸಿ ನೋಡಿದಾಗ ಮೊದಲನೆಯ ಆಶ್ಚರ್ಯ ಎದುರಾಗುತ್ತದೆ. ವೃತ್ತಪತ್ರಿಕೆಗಳನ್ನು ಮಾತ್ರ ಓದುವ ನಾವು, ಬಂದೂಕಿನ ಸಾವೆಂದರೆ ಶಾಲೆಗೋ ಅಂಗಡಿಗೋ ನುಗ್ಗಿ ಒಬ್ಬಾತ ಹತ್ತಾರು ಮಂದಿಯನ್ನು ಕೊಲ್ಲುವ ಘೋರಕೃತ್ಯವೆಂದು ತಿಳಿದಿರುತ್ತೇವೆ. ೨೦೧೨ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳೂ ಆರು ಮಂದಿ ಹಿರಿಯರೂ, ೨೦೨೨ರ ಮೇ ತಿಂಗಳಿನಲ್ಲಿ ಯುವಾಲ್ಡಿ ಊರಿನ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಹತರಾದುದನ್ನು ಮರೆಯಲು ಸಾಧ್ಯವೆ? ಆದರೆ ಒಟ್ಟು ಲೆಕ್ಕದಲ್ಲಿ ಇಂಥ ಸಾವುಗಳು ಬಹು ಸಣ್ಣ ಪಾಲು. ೨೦೨೩ರ ಸಾವುಗಳಲ್ಲಿ ಸುಮಾರು ೨೭,೩೦೦, ಎಂದರೆ ಅರ್ಧಕ್ಕಿಂತ ಹೆಚ್ಚು, ಆತ್ಮಹತ್ಯೆಗಳು. ಕೊಲೆಗಳು ಸುಮಾರು ೧೭,೯೦೦. ಈ ಕೊಲೆಗಳಲ್ಲಿಯೂ ಬಹುಪಾಲು ನಡೆಯುವುದು ಬೀದಿಯ ಜಗಳಗಳಲ್ಲಿ, ಮನೆಯ ವಿರಸಗಳಲ್ಲಿ, ಪರಿಚಿತರ ನಡುವಿನ ಕಲಹಗಳಲ್ಲಿ. ಎಣಿಸಿ ನೋಡದೆ ಇದ್ದಿದ್ದರೆ ನಮ್ಮ ಕೋಪವೂ ನಮ್ಮ ಶಾಸನಗಳೂ ಸಣ್ಣ ಪಾಲಿನ ಮೇಲೆಯೇ ವ್ಯಯವಾಗಿ, ದೊಡ್ಡ ಪಾಲು ಕಣ್ಣಿಗೆ ಬೀಳದೆಯೇ ಉಳಿಯುತ್ತಿತ್ತು.

ಇಂಥ ಸಾವುಗಳನ್ನು ತಡೆಯಲು ವಿಜ್ಞಾನದಿಂದ ಆಗುವುದೇನೆಂದು ಸಂಶಯಪಡುವವರು ಅಮೆರಿಕದ ರಸ್ತೆಗಳ ಕಥೆಯನ್ನು ಕೇಳಬೇಕು. ೧೯೬೬ರಲ್ಲಿ ಆ ದೇಶದ ರಸ್ತೆಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯವರೆಗೆ ಈ ಸಾವುಗಳಿಗೆ ಹೇಳುತ್ತಿದ್ದ ಕಾರಣ ಒಂದೇ: ಕೆಟ್ಟ ಚಾಲಕ. ಚಾಲಕನಿಗೆ ಬುದ್ಧಿ ಹೇಳಬೇಕು, ತಪ್ಪಿದರೆ ದಂಡ ಹಾಕಬೇಕು. ಅದಕ್ಕಿಂತ ಹೆಚ್ಚಿನದು ದೈವೇಚ್ಛೆ ಎಂದು ಜನ ಸುಮ್ಮನಿದ್ದರು. ಹ್ಯೂ ಡಿ ಹೇವನ್ ಎಂಬಾತನಿಗೆ ಈ ವಿವರಣೆ ಸಾಲಲಿಲ್ಲ. ೧೯೧೭ರಲ್ಲಿ ವೈಮಾನಿಕ ಶಿಕ್ಷಣ ಪಡೆಯುತ್ತಿದ್ದಾಗ ವಿಮಾನ ಬಿದ್ದು ಆತ ಸಾವಿನ ದವಡೆಯಿಂದ ಪಾರಾಗಿದ್ದ. ತಾನು ಉಳಿದದ್ದೇಕೆ ಎಂಬ ಪ್ರಶ್ನೆ ಆತನನ್ನು ಬಿಡಲಿಲ್ಲ. ಬಹಳ ಎತ್ತರದಿಂದ ಬಿದ್ದೂ ಬದುಕಿದವರ ಸಂಗತಿಗಳನ್ನು ಕಲೆಹಾಕಿ, ೧೯೪೨ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದ. ಆಘಾತದ ಬಲವು ಶರೀರದ ಮೇಲೆ ಎಷ್ಟು ವಿಸ್ತಾರವಾಗಿ, ಎಷ್ಟು ನಿಧಾನವಾಗಿ ಹರಡುತ್ತದೆಂಬುದರ ಮೇಲೆ ಬದುಕು ನಿಂತಿದೆಯೆಂದು ಅದರಲ್ಲಿ ತೋರಿಸಿಕೊಟ್ಟ. ಅಪಘಾತವನ್ನು ತಡೆಯಲಾಗದಿದ್ದರೂ ಅದರಿಂದಾಗುವ ಗಾಯವನ್ನು ತಡೆಯಬಹುದೆಂಬ ತತ್ತ್ವ ಇದರಿಂದ ಹೊರಟಿತು.

೧೯೬೬ರಲ್ಲಿ ಸರಕಾರವು ರಸ್ತೆ ಸುರಕ್ಷತೆಗಾಗಿ ಹೊಸ ಇಲಾಖೆಯೊಂದನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥನಾದ ವಿಲಿಯಂ ಹ್ಯಾಡನ್ ಎಂಬಾತನು ವೈದ್ಯ. ಆತನು ಅಪಘಾತವನ್ನು ರೋಗದಂತೆ ನೋಡಿದ. ರೋಗಕ್ಕೆ ತುತ್ತಾಗುವ ವ್ಯಕ್ತಿ, ರೋಗವನ್ನು ತರುವ ವಸ್ತು, ಇವೆರಡೂ ಇರುವ ಪರಿಸರ ಎಂದು ಮೂರು ಭಾಗ ಮಾಡಿದ. ಘಟನೆಗೆ ಮೊದಲು, ಘಟನೆಯ ಕ್ಷಣದಲ್ಲಿ, ಘಟನೆಯ ಅನಂತರ ಎಂದು ಕಾಲವನ್ನೂ ಮೂರು ಮಾಡಿದ. ಹೀಗೆ ಒಂಬತ್ತು ಮನೆಗಳ ಕೋಷ್ಟಕವಾಯಿತು. ಒಂಬತ್ತು ಮನೆಗಳಲ್ಲಿ ಯಾವುದರಲ್ಲಿ ಬೇಕಾದರೂ ಸಾವನ್ನು ತಡೆಹಿಡಿಯಲು ಅವಕಾಶವುಂಟು. ಕೆಟ್ಟ ಚಾಲಕನೆಂಬುದು ಅವುಗಳಲ್ಲಿ ಒಂದು ಮನೆ ಮಾತ್ರ. ಸೊಂಟಪಟ್ಟಿ ಬಂದಿತು, ಎದೆಗೆ ಚುಚ್ಚದೆ ಕುಸಿಯುವ ಚಾಲನಚಕ್ರದ ಕಂಬ ಬಂದಿತು, ಗಾಜು, ಬಾಗಿಲು, ರಸ್ತೆಯ ಅಂಚು ಎಲ್ಲವೂ ಮಾರ್ಪಟ್ಟವು. ೧೯೭೫ರಿಂದ ಪ್ರತಿಯೊಂದು ಮಾರಕ ಅಪಘಾತದ ವಿವರವನ್ನೂ ದಾಖಲೆ ಮಾಡುವ ಪದ್ಧತಿ ಪ್ರಾರಂಭವಾಯಿತು. ೧೯೬೬ರಲ್ಲಿ ವಾಹನಗಳು ಹತ್ತು ಕೋಟಿ ಮೈಲಿ ಓಡಿದರೆ ಐದಕ್ಕಿಂತ ಹೆಚ್ಚು ಜನ ಸಾಯುತ್ತಿದ್ದರು. ೨೦೨೩ರಲ್ಲಿ ಆ ಸಂಖ್ಯೆ ಒಂದೂಕಾಲಿನಷ್ಟಿತ್ತು. ಇದಕ್ಕಾಗಿ ಮೋಟಾರುಗಳನ್ನು ಯಾರೂ ನಿಷೇಧಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವುಗಳ ಸಂಖ್ಯೆ ಮೊದಲಿಗಿಂತ ಎಷ್ಟೋ ಪಾಲು ಹೆಚ್ಚಾಗಿದೆ.

ಬಂದೂಕಿನ ಗಾಯಗಳನ್ನೂ ಇದೇ ರೀತಿಯಲ್ಲಿ ಅಭ್ಯಾಸ ಮಾಡಬಹುದೆಂದು ಕೆಲವರು ವೈದ್ಯರು ೧೯೮೦ರ ದಶಕದಲ್ಲಿ ಹೊರಟರು. ಅವರಲ್ಲಿ ತುರ್ತುಚಿಕಿತ್ಸೆಯ ವೈದ್ಯನಾದ ಆರ್ಥರ್ ಕೆಲರ್‌ಮನ್ ಎಂಬಾತನ ಹೆಸರು ಮುಖ್ಯವಾದದ್ದು. ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ ೧೯೭೮ರಿಂದ ೧೯೮೩ರವರೆಗೆ, ಬಂದೂಕು ಇಟ್ಟುಕೊಂಡಿದ್ದ ಮನೆಗಳಲ್ಲಿಯೇ ಬಂದೂಕಿನಿಂದ ಸಂಭವಿಸಿದ ೩೯೮ ಸಾವುಗಳನ್ನು ಆತನೂ ಸಂಗಡಿಗನೂ ಪರಿಶೀಲಿಸಿದರು. ಆತ್ಮರಕ್ಷಣೆಗಾಗಿ ನಡೆದ ವಧೆಗಳು ಒಂಬತ್ತು. ಆಕಸ್ಮಿಕ ಸಾವುಗಳು ಹನ್ನೆರಡು, ಅಪರಾಧವೆನಿಸಿದ ಕೊಲೆಗಳು ನಲವತ್ತೊಂದು, ಆತ್ಮಹತ್ಯೆಗಳು ೩೩೩. ಕಳ್ಳನಿಗಾಗಿ ತಂದಿಟ್ಟ ಬಂದೂಕು ಮನೆಯವರ ಸಾವಿಗೇ ಹೆಚ್ಚಾಗಿ ಕಾರಣವಾದದ್ದು ಇದರಿಂದ ಕಂಡುಬಂದಿತು.

ಈ ಲೆಕ್ಕದಲ್ಲಿ ಒಂದು ಕೊರತೆಯುಂಟೆಂಬುದನ್ನು ಜಾಣರಾದ ವಿದ್ಯಾರ್ಥಿಗಳು ಆಗಲೇ ಕಂಡುಕೊಂಡಿರಬಹುದು. ಬಂದೂಕನ್ನು ತೋರಿಸಿದ ಮಾತ್ರಕ್ಕೆ ಕಳ್ಳನು ಓಡಿಹೋದರೆ ಅಲ್ಲಿ ಸಾವೇ ಇಲ್ಲ. ಸಾವುಗಳನ್ನಷ್ಟೇ ಎಣಿಸುವ ಲೆಕ್ಕದಲ್ಲಿ ಅದು ಸೇರುವುದೂ ಇಲ್ಲ. ಆದುದರಿಂದ ಕೆಲರ್‌ಮನ್ ಮತ್ತು ಸಂಗಡಿಗರು ಎರಡನೆಯ ಅಭ್ಯಾಸವನ್ನು ಬೇರೆ ರೀತಿಯಲ್ಲಿ ನಡೆಸಿದರು. ಮೂರು ಕೌಂಟಿಗಳಲ್ಲಿ, ತಮ್ಮ ಮನೆಯಲ್ಲಿಯೇ ಕೊಲೆಯಾದವರನ್ನು ಆರಿಸಿಕೊಂಡು, ಅಂಥ ಒಬ್ಬೊಬ್ಬರಿಗೂ ಜೋಡಿಯಾಗಿ ಅದೇ ನೆರೆಹೊರೆಯ, ಅದೇ ಲಿಂಗದ, ಅದೇ ಜನಾಂಗದ, ಸುಮಾರು ಅದೇ ವಯಸ್ಸಿನ ಜೀವಂತ ವ್ಯಕ್ತಿಯೊಬ್ಬರನ್ನು ಹುಡುಕಿದರು. ಎರಡು ಮನೆಗಳಲ್ಲಿಯೂ ಒಂದೇ ಪ್ರಶ್ನೆಗಳನ್ನು ಕೇಳಿದರು. ಕುಡಿತ, ಮಾದಕದ್ರವ್ಯ, ಹಿಂದಿನ ಹೊಡೆದಾಟ, ಒಂಟಿವಾಸ, ಬಾಡಿಗೆಮನೆ ಮುಂತಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದು, ಉಳಿದ ಅಂತರವನ್ನು ಅಳೆದರು. ೧೯೯೩ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬಂದೂಕಿರುವ ಮನೆಯಲ್ಲಿ ಕೊಲೆಯ ಸಂಭವ ೨.೭ ಪಟ್ಟು. ಆ ಕೊಲೆಗಳಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಬಂಧುಗಳಿಂದಲೋ ಪರಿಚಿತರಿಂದಲೋ ಆದವು.

ಇದೂ ಕೊನೆಯ ಮಾತಲ್ಲ. ಬಂದೂಕು ಇದ್ದುದರಿಂದ ಅಪಾಯ ಬಂದಿತೋ, ಅಪಾಯವಿದ್ದುದರಿಂದ ಬಂದೂಕು ತಂದರೋ ಎಂಬ ಪ್ರಶ್ನೆ ಉಳಿದೇ ಇತ್ತು. ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲು ಬಾರದು. ಸಂಶೋಧನೆಯಲ್ಲಿ ಇಂಥ ಸಂಶಯ ಬಂದಾಗ ಮಾಡತಕ್ಕದ್ದೇನು? ಇನ್ನೂ ಉತ್ತಮವಾದ, ಇನ್ನೂ ವಿಸ್ತಾರವಾದ ಅಭ್ಯಾಸವನ್ನು ನಡೆಸುವುದು. ಆದರೆ ನಡೆದದ್ದೇ ಬೇರೆ. ಈ ಅಭ್ಯಾಸಕ್ಕೆ ರೋಗನಿಯಂತ್ರಣ ಕೇಂದ್ರದ ಹಣ ಸಂದಿತ್ತು. ಬಂದೂಕುದಾರರ ಪ್ರಬಲ ಸಂಸ್ಥೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ನು, ಇದು ವಿಜ್ಞಾನದ ವೇಷದಲ್ಲಿರುವ ರಾಜಕೀಯವೆಂದು ಆರೋಪಿಸಿತು. ಅರ್ಕನ್ಸಾ ಸಂಸ್ಥಾನದ ಪ್ರತಿನಿಧಿ ಜೇ ಡಿಕಿ ಶಾಸನಸಭೆಯಲ್ಲಿ ಅದರ ಪರವಾಗಿ ನಿಂತರು. ಮೊದಲು ಹೇಳಿದ ವಾಕ್ಯಕ್ಕೆ ಡಿಕಿ ತಿದ್ದುಪಡಿ ಎಂಬ ಹೆಸರು ಬಂದದ್ದು ಹೀಗೆ. ಪರಿಣಾಮವಾಗಿ ಈ ಕ್ಷೇತ್ರಕ್ಕೆ ಬರಬೇಕಾಗಿದ್ದ ತರುಣ ವಿದ್ವಾಂಸರು ಬೇರೆ ವಿಷಯಗಳನ್ನು ಆರಿಸಿಕೊಂಡರು. ಹಣವಿಲ್ಲದ, ಹೆಸರು ಕೆಡುವ ಭಯವಿರುವ ವಿಷಯವನ್ನು ಯಾರು ತಾನೆ ಹಿಡಿದಾರು? ೨೦೦೪ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯು ಬಂದೂಕುಗಳನ್ನೂ ಹಿಂಸೆಯನ್ನೂ ಕುರಿತ ತಿಳುವಳಿಕೆಯನ್ನೆಲ್ಲ ಪರಾಮರ್ಶಿಸಿ, ಪರ ವಿರೋಧವಾದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳುವಷ್ಟು ದತ್ತಾಂಶವೇ ಇಲ್ಲವೆಂದು ವರದಿ ಮಾಡಿತು. ಮಾಹಿತಿಯನ್ನು ಕೂಡಿಸಲು ಬಿಡದೆ, ಅನಂತರ ಮಾಹಿತಿ ಇಲ್ಲವೆಂದು ಸುಮ್ಮನಿರುವುದು ವಿಚಿತ್ರವಾದ ನ್ಯಾಯ.

ಇಷ್ಟಾದರೂ ಖಾಸಗಿ ನಿಧಿಗಳ ನೆರವಿನಿಂದಲೂ ಬೇರೆ ದೇಶಗಳ ಅನುಭವದಿಂದಲೂ ಕೆಲವು ಸಂಗತಿಗಳು ತಿಳಿದುಬಂದಿವೆ. ಇಸ್ರೇಲಿನ ಸೈನ್ಯದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಲ್ಲಿಯ ತರುಣ ಸೈನಿಕರು ವಾರದ ಕೊನೆಯಲ್ಲಿ ಮನೆಗೆ ಹೋಗುವಾಗ ತಮ್ಮ ಬಂದೂಕನ್ನೂ ಒಯ್ಯುತ್ತಿದ್ದರು. ೨೦೦೬ರಲ್ಲಿ ಸೈನ್ಯವು ಆಯುಧವನ್ನು ಶಿಬಿರದಲ್ಲೇ ಬಿಟ್ಟುಹೋಗಬೇಕೆಂದು ಕಟ್ಟುಮಾಡಿತು. ಸೈನಿಕರ ಆತ್ಮಹತ್ಯೆಗಳು ನೂರಕ್ಕೆ ನಲವತ್ತರಷ್ಟು ಇಳಿದವು. ಇಳಿತ ಕಂಡದ್ದು ಮುಖ್ಯವಾಗಿ ವಾರಾಂತ್ಯದ ಆತ್ಮಹತ್ಯೆಗಳಲ್ಲಿ. ವಾರದ ಉಳಿದ ದಿನಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಾಯಬೇಕೆಂದವನು ಹೇಗಾದರೂ ಸಾಯುತ್ತಾನೆಂಬ ನಂಬಿಕೆ ಲೋಕದಲ್ಲಿ ಬಹಳ ಹಳೆಯದು. ಅದು ಸರಿಯಲ್ಲವೆಂದು ಈ ಅಂಕಿಗಳು ಹೇಳುತ್ತವೆ. ಮನಸ್ಸಿನ ಕಡುಕಷ್ಟದ ಗಳಿಗೆ ಬಹುಮಟ್ಟಿಗೆ ಬಂದು ಹೋಗುವಂಥದು. ಆ ಗಳಿಗೆಯಲ್ಲಿ ಮಾರಕವಾದ ಸಾಧನ ಕೈಗೆ ಸಿಕ್ಕದಿದ್ದರೆ ಮನುಷ್ಯ ಉಳಿಯುತ್ತಾನೆ, ಉಳಿದವರಲ್ಲಿ ಬಹುಮಂದಿ ಮುಂದೆಯೂ ಬದುಕುತ್ತಾರೆ. ಅಂಥ ಕಷ್ಟದಲ್ಲಿರುವವರ ಮಾತು ಕೇಳಲು ನಮ್ಮ ದೇಶದಲ್ಲಿ ೧೪೪೧೬ ಎಂಬ ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ೨೦೨೨ರಿಂದ ನಡೆಯುತ್ತಿದೆ ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

ಮಕ್ಕಳ ಕೈಗೆ ಸಿಗದಂತೆ ಬಂದೂಕನ್ನು ಬೀಗ ಹಾಕಿಡಬೇಕೆಂದು ವಿಧಿಸುವ ಶಾಸನಗಳು ಅಮೆರಿಕದ ಹಲವು ಸಂಸ್ಥಾನಗಳಲ್ಲಿವೆ. ಬಂದೂಕು ನೀತಿಯ ಪರ ವಿರೋಧವಾದ ಅಭ್ಯಾಸಗಳನ್ನೆಲ್ಲ ಒಂದೇ ಮಟ್ಟಗೋಲಿನಿಂದ ಅಳೆದ ರ‍್ಯಾಂಡ್ ಎಂಬ ಸಂಶೋಧನ ಸಂಸ್ಥೆಯು, ಈ ಶಾಸನಗಳಿಂದ ಎಳೆಯರ ಆತ್ಮಹತ್ಯೆಗಳೂ ಆಕಸ್ಮಿಕ ಗಾಯಗಳೂ ಕಡಮೆಯಾಗುತ್ತವೆ ಎನ್ನುವುದಕ್ಕೆ ಬಲವಾದ ಆಧಾರವಿದೆಯೆಂದು ಅಭಿಪ್ರಾಯಪಟ್ಟಿದೆ. ಕೊಳ್ಳುವ ಮೊದಲು ಪರವಾನಗಿ ಪಡೆಯಬೇಕೆಂಬ ಶಾಸನವನ್ನು ಕನೆಕ್ಟಿಕಟ್ ಸಂಸ್ಥಾನವು ೧೯೯೫ರಲ್ಲಿ ಜಾರಿಗೆ ತಂದಿತು; ಮಿಸ್ಸೂರಿ ಸಂಸ್ಥಾನವು ಅಂಥದೇ ಶಾಸನವನ್ನು ೨೦೦೭ರಲ್ಲಿ ರದ್ದು ಮಾಡಿತು. ಶಾಸನ ಬದಲಾಗದಿದ್ದರೆ ಎಷ್ಟಿರಬಹುದಾಗಿತ್ತೋ ಅದಕ್ಕೆ ಹೋಲಿಸಿದರೆ, ಬಂದೂಕಿನ ಕೊಲೆಗಳು ಮೊದಲನೆಯದರಲ್ಲಿ ಇಳಿದವು, ಎರಡನೆಯದರಲ್ಲಿ ಏರಿದವು. ಎಷ್ಟು ಎಂಬುದರಲ್ಲಿ ವಿದ್ವಾಂಸರ ಲೆಕ್ಕಗಳು ಭಿನ್ನವಾಗಿದ್ದರೂ ದಿಕ್ಕು ಒಂದೇ ಆಗಿದೆ.

ಆಸ್ಟ್ರೇಲಿಯದ ಸಂಗತಿಯನ್ನು ಎಲ್ಲರೂ ಎತ್ತಿ ಹೇಳುವುದುಂಟು. ೧೯೯೬ರ ಏಪ್ರಿಲ್ ೨೮ರಂದು ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನೇ ೩೫ ಮಂದಿಯನ್ನು ಕೊಂದಮೇಲೆ, ಆ ದೇಶವು ಕೆಲವು ಬಗೆಯ ಬಂದೂಕುಗಳನ್ನು ನಿಷೇಧಿಸಿ, ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಬೆಲೆ ಕೊಟ್ಟು ಹಿಂದಕ್ಕೆ ಪಡೆದು ನಾಶ ಮಾಡಿತು. ಅದಕ್ಕೆ ಮುಂಚಿನ ಹದಿನೆಂಟು ವರ್ಷಗಳಲ್ಲಿ ಐವರು ಅಥವಾ ಹೆಚ್ಚು ಮಂದಿ ಹತರಾದ ಹದಿಮೂರು ಗುಂಡಿನ ದಾಳಿಗಳು ನಡೆದಿದ್ದವು. ಅನಂತರದ ಇಪ್ಪತ್ತು ವರ್ಷಗಳಲ್ಲಿ ಅಂಥದು ಒಂದೂ ನಡೆಯಲಿಲ್ಲ. ಇದು ದೊಡ್ಡ ಮಾತು. ಆದರೆ ಪ್ರಾಮಾಣಿಕತೆಯಿಂದ ಇನ್ನೆರಡು ಮಾತುಗಳನ್ನು ಸೇರಿಸಬೇಕು. ಬಂದೂಕಿನ ಸಾವುಗಳು ಆ ದೇಶದಲ್ಲಿ ೧೯೯೬ಕ್ಕೆ ಮುಂಚೆಯೇ ಇಳಿಯುತ್ತಿದ್ದುದರಿಂದ, ಕೊಲೆಗಳ ಇಳಿತದಲ್ಲಿ ಶಾಸನದ ಪಾಲೆಷ್ಟೆಂಬುದು ಇಂದಿಗೂ ಚರ್ಚೆಯ ವಿಷಯ. ಅಲ್ಲದೆ ೨೦೨೫ರ ಡಿಸೆಂಬರಿನಲ್ಲಿ ಸಿಡ್ನಿಯ ಬಾಂಡೈ ಕಡಲತೀರದಲ್ಲಿ ನಡೆದ ಹತ್ಯೆಯು, ಒಮ್ಮೆ ಮಾಡಿದ ಶಾಸನ ಎಂದೆಂದಿಗೂ ಕಾಯುವ ರಕ್ಷೆಯ ತಾಯಿತವಲ್ಲವೆಂದು ಎಚ್ಚರಿಸಿತು. ಔಷಧಿಯನ್ನು ಕೊಟ್ಟ ವೈದ್ಯನು ನಾಡಿಯನ್ನು ಹಿಡಿದು ನೋಡುತ್ತಲೇ ಇರಬೇಕಾಗುತ್ತದೆ.

ಇನ್ನು ವಿರೋಧಪಕ್ಷದ ಮಾತುಗಳನ್ನು ನ್ಯಾಯವಾಗಿ ಪರಿಶೀಲಿಸೋಣ. ಕೊಲ್ಲುವವನು ಮನುಷ್ಯನೇ ಹೊರತು ಬಂದೂಕಲ್ಲ ಎಂಬುದು ಮೊದಲನೆಯ ಮಾತು. ಪಾಪದ ಹೊಣೆಯನ್ನು ಕುರಿತಾದರೆ ಇದು ನಿಜ. ಆದರೆ ಹೊಣೆಯನ್ನು ಹಂಚುವುದು ಬೇರೆ, ಸಾವನ್ನು ತಪ್ಪಿಸುವುದು ಬೇರೆ. ಸಿಟ್ಟಿನಲ್ಲಿ ಎತ್ತಿದ ಕೈಯಲ್ಲಿ ಕೋಲಿದೆಯೋ ಪಿಸ್ತೂಲಿದೆಯೋ ಎಂಬುದರ ಮೇಲೆ ಜಗಳವು ಆಸ್ಪತ್ರೆಯಲ್ಲಿ ಮುಗಿಯುವುದೋ ಸ್ಮಶಾನದಲ್ಲಿ ಮುಗಿಯುವುದೋ ನಿಶ್ಚಯವಾಗುತ್ತದೆ. ಹ್ಯಾಡನ್ನನ ಕೋಷ್ಟಕವನ್ನು ನೆನೆದರೆ ವಸ್ತುವಿಗೂ ಒಂದು ಸಾಲು ಉಂಟು, ವ್ಯಕ್ತಿಗೂ ಒಂದು ಸಾಲು ಉಂಟು. ವ್ಯಕ್ತಿಯ ಸಾಲನ್ನೂ ಸಂಶೋಧಕರು ಬಿಟ್ಟಿಲ್ಲ. ಕ್ಷಯ, ಕಾಲರಾಗಳ ವಿರುದ್ಧ ದುಡಿದ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯನು ಶಿಕಾಗೋ ನಗರದಲ್ಲಿ, ಸೇಡಿನ ಕೊಲೆಗಳು ಸೋಂಕಿನಂತೆ ಒಬ್ಬನಿಂದ ಮತ್ತೊಬ್ಬನಿಗೆ ಹರಡುತ್ತವೆಂದು ಕಂಡು, ಅದೇ ಕೇರಿಯ ನಂಬಿಕಸ್ಥರನ್ನು ಮಧ್ಯಸ್ಥರಾಗಿ ಕಳುಹಿಸುವ ಕ್ರಮವನ್ನು ಪ್ರಾರಂಭಿಸಿದನು. ಅದರ ಫಲ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯಾಗಿ ಕಂಡಿಲ್ಲ. ಎಲ್ಲಿ ಫಲಿಸಿತು, ಎಲ್ಲಿ ಇಲ್ಲ, ಏಕೆ ಎಂಬುದಕ್ಕೂ ಸಂಶೋಧನೆಯೇ ಬೇಕು.

ಬಂದೂಕು ಹೊಂದುವುದು ಪ್ರಜೆಯ ಹಕ್ಕು ಎಂಬುದು ಎರಡನೆಯ ಮಾತು. ೧೭೯೧ರಲ್ಲಿ ಅಂಗೀಕೃತವಾದ ಅಮೆರಿಕ ಸಂವಿಧಾನದ ಎರಡನೆಯ ತಿದ್ದುಪಡಿಯಲ್ಲಿ ಇದಕ್ಕೆ ಆಧಾರವಿದೆ. ೨೦೦೮ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇದನ್ನು ವ್ಯಕ್ತಿಯ ಹಕ್ಕೆಂದು ಎತ್ತಿಹಿಡಿಯಿತು. ನಾವು ಇದನ್ನು ಲಘುವಾಗಿ ನೋಡಬಾರದು. ನಮ್ಮ ಕೊಡಗನ್ನು ಬಲ್ಲವರಿಗೆ, ಕೋವಿಯು ಒಂದು ಜನದ ಬಾಳಿನಲ್ಲಿ ಎಷ್ಟು ಆಳವಾಗಿ ಬೇರೂರಬಹುದೆಂಬುದು ಗೊತ್ತು. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ; ಹುಟ್ಟಿನಲ್ಲಿಯೂ ಸಾವಿನಲ್ಲಿಯೂ ಗುಂಡು ಹಾರಿಸುವ ಸಂಪ್ರದಾಯವಿದೆ; ನಮ್ಮ ಆಯುಧ ಶಾಸನವೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯತಿ ಕೊಟ್ಟಿದ್ದು, ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಸರಿಯೆಂದಿತು. ಅಮೆರಿಕದ ಹಳ್ಳಿಗಾಡಿನ ಎಷ್ಟೋ ಕುಟುಂಬಗಳಿಗೂ ಬಂದೂಕು ತಂದೆಯಿಂದ ಮಗನಿಗೆ ಬಂದ ಸ್ವತ್ತು. ಆದರೆ ಹಕ್ಕು ಇದ್ದರೆ ಅದರ ಪರಿಣಾಮವನ್ನು ಅರಿಯಬಾರದೆಂದು ಅರ್ಥವೆ? ಅದೇ ೨೦೦೮ರ ತೀರ್ಪು, ಈ ಹಕ್ಕಿಗೂ ಮಿತಿಗಳುಂಟೆಂದು ಹೇಳಿದೆ. ಮಿತಿ ಎಲ್ಲಿರಬೇಕು ಎಂಬುದನ್ನು ಪ್ರಜೆಗಳೂ ನ್ಯಾಯಾಧೀಶರೂ ನಿರ್ಧರಿಸಲಿ. ಕಣ್ಣು ಬಿಟ್ಟು ನಿರ್ಧರಿಸಲೆಂಬುದಷ್ಟೇ ವಿಜ್ಞಾನದ ಕೋರಿಕೆ. ಹಕ್ಕನ್ನು ಉಳಿಸಿಕೊಂಡೇ ಸಾವನ್ನು ಕಡಮೆ ಮಾಡುವ ಉಪಾಯವೂ ಇಂಥ ಸಂಶೋಧನೆಯಿಂದಲೇ ಸಿಕ್ಕಬೇಕು.

ಸಂಶೋಧಕರು ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತಾರೆ ಎಂಬುದು ಮೂರನೆಯ ಮಾತು. ಈ ಅಪವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ; ವಿಜ್ಞಾನಿಯೂ ಮನುಷ್ಯನೇ. ಆದರೆ ಪಕ್ಷಪಾತಕ್ಕೆ ಮದ್ದು ಯಾವುದು? ದತ್ತಾಂಶಗಳನ್ನು ಬಹಿರಂಗಪಡಿಸುವುದು, ಎದುರು ಪಕ್ಷದವರೂ ಅದೇ ಲೆಕ್ಕವನ್ನು ಮಾಡಿ ನೋಡುವಂತೆ ಬಿಡುವುದು, ತಪ್ಪನ್ನು ಒಪ್ಪಿಕೊಳ್ಳುವುದು. ಕೆಟ್ಟ ಪ್ರಯೋಗವನ್ನು ಒಳ್ಳೆಯ ಪ್ರಯೋಗದಿಂದ ತಿದ್ದಬೇಕು. ಪ್ರಯೋಗಶಾಲೆಗೆ ಬೀಗ ಹಾಕಿದರೆ ಪಕ್ಷಪಾತ ಹೋಗುವುದಿಲ್ಲ; ಎರಡು ಕಡೆಯ ಪಕ್ಷಪಾತಗಳೂ ಪರೀಕ್ಷೆಯಿಲ್ಲದೆ ಬೆಳೆಯುತ್ತವೆ.

ಬೀಗ ಎಷ್ಟು ಬಿಗಿಯಾಗಿತ್ತೆಂಬುದನ್ನು ನಮ್ಮ ನಾಡಿಗೆ ಸಂಬಂಧಪಟ್ಟ ವೈದ್ಯರೊಬ್ಬರ ಚರಿತ್ರೆಯಿಂದ ಅರಿಯಬಹುದು. ಡಾಕ್ಟರ್ ವಿವೇಕ ಮೂರ್ತಿಯವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಅಮೆರಿಕದ ಸರ್ಜನ್ ಜನರಲ್, ಎಂದರೆ ರಾಷ್ಟ್ರದ ಮುಖ್ಯ ಆರೋಗ್ಯ ವಕ್ತಾರರ ಹುದ್ದೆಗೆ, ೨೦೧೩ರಲ್ಲಿ ಅವರ ಹೆಸರು ಸೂಚಿತವಾಯಿತು. ಬಂದೂಕಿನ ವಿಷಯ ಆರೋಗ್ಯದ ವಿಷಯವೂ ಹೌದೆಂದು ಅವರು ಒಂದು ವರ್ಷ ಮೊದಲು ಒಂದು ಸಾಲು ಬರೆದಿದ್ದರು. ಆ ಸಾಲೇ ಅಡ್ಡಿಯಾಯಿತು. ವರ್ಷಕ್ಕೂ ಹೆಚ್ಚು ಕಾಲ ನೇಮಕ ನಿಂತು, ೨೦೧೪ರ ಡಿಸೆಂಬರಿನಲ್ಲಿ ೫೧ಕ್ಕೆ ೪೩ ಮತಗಳಿಂದ ಅನುಮೋದನೆಯಾಯಿತು. ಎರಡನೆಯ ಅವಧಿಯಲ್ಲಿ, ೨೦೨೪ರ ಜೂನ್ ೨೫ರಂದು, ಬಂದೂಕಿನ ಹಿಂಸೆಯು ಸಾರ್ವಜನಿಕ ಆರೋಗ್ಯದ ಸಂಕಟವೆಂದು ಅವರು ಅಧಿಕೃತ ಸೂಚನಾಪತ್ರವನ್ನು ಹೊರಡಿಸಿದರು. ಈ ವಿಷಯದಲ್ಲಿ ಆ ಹುದ್ದೆಯಿಂದ ಬಂದ ಮೊದಲ ಸೂಚನಾಪತ್ರ ಅದು. ಸರಕಾರ ಬದಲಾದ ಮೇಲೆ, ೨೦೨೫ರ ಮಾರ್ಚಿಯಲ್ಲಿ, ಆ ಪತ್ರವನ್ನು ಸರಕಾರದ ಜಾಲತಾಣದಿಂದ ತೆಗೆದುಹಾಕಲಾಯಿತು. ಪತ್ರವನ್ನು ತೆಗೆಯಬಹುದು. ಅದರಲ್ಲಿದ್ದ ಸಾವುಗಳು ಲೆಕ್ಕದಿಂದ ಹೋಗುವುದಿಲ್ಲ.

ಕೊನೆಯದಾಗಿ, ಮೊದಲಿನ ವಾಕ್ಯಕ್ಕೇ ಹಿಂದಿರುಗೋಣ. ತಿದ್ದುಪಡಿಯನ್ನು ತಂದ ಜೇ ಡಿಕಿಯವರಿಗೂ, ಆಗ ರೋಗನಿಯಂತ್ರಣ ಕೇಂದ್ರದಲ್ಲಿ ಗಾಯಗಳ ವಿಭಾಗದ ಮುಖ್ಯಸ್ಥರಾಗಿದ್ದ ಮಾರ್ಕ್ ರೋಸನ್‌ಬರ್ಗ್ ಅವರಿಗೂ ಮೊದಲು ವೈರ. ಕಾಲಕ್ರಮದಲ್ಲಿ ಇಬ್ಬರೂ ಮಾತಾಡಿದರು, ಮಾತಾಡುತ್ತ ಮಿತ್ರರಾದರು. ೨೦೧೨ರಲ್ಲಿ, ಅರೋರಾ ನಗರದ ಚಿತ್ರಮಂದಿರದಲ್ಲಿ ಹನ್ನೆರಡು ಮಂದಿ ಹತರಾದ ಕೆಲವೇ ದಿನಗಳಲ್ಲಿ, ಇಬ್ಬರೂ ಸೇರಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಲೇಖನ ಬರೆದರು. ರಸ್ತೆ ಅಪಘಾತಗಳ ಉದಾಹರಣೆಯನ್ನೇ ಕೊಟ್ಟು, ಬಂದೂಕುದಾರರ ಹಕ್ಕನ್ನು ಕಾಯ್ದುಕೊಂಡೇ ಸಂಶೋಧನೆ ನಡೆಸಬಹುದೆಂದೂ ನಡೆಸಲೇಬೇಕೆಂದೂ ಹೇಳಿದರು. ಡಿಕಿಯವರು ೨೦೧೭ರಲ್ಲಿ ತೀರಿಕೊಂಡರು. ಮರುವರ್ಷ ಶಾಸನಸಭೆಯು, ತಿದ್ದುಪಡಿಯು ಸಂಶೋಧನೆಯನ್ನು ನಿಷೇಧಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ೨೦೧೯ರ ಡಿಸೆಂಬರಿನಲ್ಲಿ ಎರಡು ಸರಕಾರಿ ಸಂಸ್ಥೆಗಳಿಗೆ ಸೇರಿ ಎರಡೂವರೆ ಕೋಟಿ ಡಾಲರುಗಳು ಮಂಜೂರಾದವು. ತಾವು ಮುಚ್ಚಿಸಿದ ಬಾಗಿಲು ತೆರೆದದ್ದನ್ನು ನೋಡಲು ಡಿಕಿಯವರು ಉಳಿದಿರಲಿಲ್ಲ.

ತನ್ನ ಅಭಿಪ್ರಾಯ ತಪ್ಪಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡ ಈ ರಾಜಕಾರಣಿಯನ್ನು ನಾವು ಗೌರವಿಸುತ್ತೇವೆ. ಆದರೆ ಆ ಎರಡು ದಶಕಗಳಲ್ಲಿ ಯಾವ ಪ್ರಶ್ನೆಗಳು ಕೇಳದೆ ಉಳಿದವು, ಕೇಳಿದ್ದರೆ ಎಷ್ಟು ಮಂದಿ ಬದುಕುತ್ತಿದ್ದರು ಎಂಬುದಕ್ಕೆ ಲೆಕ್ಕ ಸಿಕ್ಕುವುದಿಲ್ಲ. ಸಂಶೋಧನೆಯನ್ನು ನಿಲ್ಲಿಸುವುದರ ದೊಡ್ಡ ಕೇಡು ಇದೇ: ಅದರಿಂದಾದ ನಷ್ಟವನ್ನು ಅಳೆಯುವ ಸಾಧನವೂ ಅದರೊಂದಿಗೆ ಹೋಗುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ವೈದ್ಯರಾಗುವರು, ಕೆಲವರು ಸಂಖ್ಯಾಶಾಸ್ತ್ರಜ್ಞರಾಗುವರು, ಕೆಲವರು ಶಾಸನಸಭೆಗಳಲ್ಲಿ ಕುಳಿತು ಹಣ ಮಂಜೂರು ಮಾಡುವರು. ನಮ್ಮ ದೇಶದಲ್ಲಿಯೂ ಕೇಳಲು ಅನಾನುಕೂಲವಾದ ಪ್ರಶ್ನೆಗಳು ಕಡಮೆ ಇಲ್ಲ. ಉತ್ತರ ತಮಗೆ ರುಚಿಸದಿರಬಹುದೆಂಬ ಭಯದಿಂದ ಯಾರಾದರೂ ಪ್ರಶ್ನೆಯನ್ನೇ ನಿಲ್ಲಿಸಲು ಬಂದಾಗ, ಅವರು ಯಾವ ಪಕ್ಷದವರೇ ಆಗಿರಲಿ, ನಮ್ಮ ಮಿತ್ರರೇ ಆಗಿರಲಿ, ಎಣಿಸುವ ಕೆಲಸವನ್ನು ಮಾತ್ರ ನಿಲ್ಲಿಸಬೇಡಿರೆಂದು ಹೇಳುವ ಧೈರ್ಯವನ್ನು ಅವರು ಈಗಿನಿಂದಲೇ ಬೆಳೆಸಿಕೊಳ್ಳಲೆಂದು ನಾವು ಬಯಸುತ್ತೇವೆ.